ಒಂದೇ ಪಾತ್ರೆಯ ಸಾರು

ಕಾಗದನಗರದ ಹಾಲೇಶನ ಮಗಳು ಸಿರಿಗೆ, ಬೆಂದು ಮೆತ್ತಗಾದ ತರಕಾರಿ ನಾಲಿಗೆಗೆ ತಗುಲಿದರೆ ಸಾಕು, ಓಕರಿಕೆ ಬರುತ್ತಿತ್ತು. ಹಾಗಾಗಿ ಮನೆಯಲ್ಲಿ ಅವಳಿಗೇ ಬೇರೆ ಅಡುಗೆ. ಶಿವಮೊಗ್ಗದ ಡಾಕ್ಟರು, “ಇದು ಹಟ ಅಲ್ಲ, ಕೆಲವರ ಬಾಯಿಗೆ ಹಾಗಾಗುತ್ತೆ, ಒತ್ತಾಯ ಮಾಡಬೇಡಿ” ಎಂದಿದ್ದರು. ಹಾಲೇಶನಿಗೆ ಆ ಮಾತು ಸುತರಾಂ ಒಪ್ಪಿಗೆಯಿರಲಿಲ್ಲ.

“ನಾನು ಏನ್ ಹಾಕಿದ್ರೂ ತಿಂದು ಬೆಳೆದೋನು. ಇವತ್ತು ಅಡುಗೆಮನೆ ನಂಗೆ ಬಿಡು. ಮೂರೂ ಜನ ಒಂದೇ ಪಾತ್ರೆಯಿಂದ ಉಣ್ಣೋ ಹಾಗೆ ಮಾಡ್ತೀನಿ.”

ಭಾನುವಾರವೂ ಪರೀಕ್ಷೆ ಡ್ಯೂಟಿಗೆಂದು ಶಂಕರಘಟ್ಟದ ಬಸ್ಸಿಗೆ ಹೊರಟಿದ್ದ ಹೆಂಡತಿ ಹೇಮಶ್ರೀ ಬಾಗಿಲಲ್ಲೇ ನಿಂತಳು. “ಮೂವರಲ್ಲಿ ಒಬ್ರು ಉಣ್ಣದಿದ್ರೂ ಇನ್ಮೇಲೆ ಭಾನುವಾರದ ಅಡುಗೆ ನಿಮ್ದೇ. ಆಯ್ತಾ?”

“ಆಯ್ತು ಮಾರಾಯ್ತಿ, ಹೋಗ್ಬಾ.”

ಪಕ್ಕದ ಮನೆಯ ಕಾಶಮ್ಮ ಇದನ್ನೆಲ್ಲ ಕೇಳಿಸಿಕೊಂಡು ಕಾಂಪೌಂಡಿನ ಮೇಲಿಂದ ಬಸಳೆ ಸೊಪ್ಪು ಚಾಚಿದರು. “ಇದನ್ನ ಬೇಯ್ಸು. ಮಗೀಗೆ ರಕ್ತ ಆಗುತ್ತೆ.”

ಬೇಯಿಸಿದ. ಸಿರಿ ಒಂದು ಬೆರಳು ಅದ್ದಿ, “ಅಪ್ಪಾ, ಲೋಳೆ” ಎಂದು ಎದ್ದು ಹೋದಳು.

ಎದುರು ಮನೆಯ ಮಂಜಪ್ಪ ಒಳಗೇ ಬಂದ. “ಎಲ್ಲಾ ಮಿಕ್ಸಿಗೆ ಹಾಕು ಮಾರಾಯ. ಏನಿದೆ ಅಂತ ಗೊತ್ತೇ ಆಗಲ್ಲ.”

ಬಿಸಿ ಬಿಸಿ ಸೊಪ್ಪು ಮಿಕ್ಸಿಗೆ ಬಿದ್ದದ್ದೇ ತಡ, ಮುಚ್ಚಳ ಹಾರಿತು. ಗೋಡೆ, ಕ್ಯಾಲೆಂಡರ್, ಮಂಜಪ್ಪನ ಬಿಳಿ ಬನಿಯನ್ ಎಲ್ಲವೂ ಹಸಿರಾದವು. ಸಲಹೆಗಾರ ಬನಿಯನ್ ಒದರುತ್ತ ಮನೆಗೆ ಹೋದ.

ಒರೆಸಲು ಬಟ್ಟೆ ಹುಡುಕುವಾಗ ಡಬ್ಬಗಳ ಹಿಂದೆ ಹಳೆಯ ಜರಡಿಯೊಂದು ಸಿಕ್ಕಿತು. ಟೀ ಸೋಸುವ ಜರಡಿ ಇಷ್ಟು ದೊಡ್ಡದೇಕೆ, ಅರಿಶಿನದ ಬಣ್ಣಕ್ಕೆ ತಿರುಗಿದ್ದೇಕೆ ಎಂದು ಯೋಚಿಸಲು ಪುರಸೊತ್ತಿರಲಿಲ್ಲ. ಮೊಳೆಗೆ ನೇತುಹಾಕಿದ.

ಸುಸ್ತಾಗಿ ಮೆಟ್ಟಿಲ ಮೇಲೆ ಕೂತ. ಪಕ್ಕದಲ್ಲಿ ಸಿರಿ ಹಸಿ ಕ್ಯಾರೆಟ್ ಕಡಿಯುತ್ತಿದ್ದಳು. ಇಷ್ಟು ದಿನ ಕೇಳದಿದ್ದದ್ದನ್ನು ಆಗ ಕೇಳಿದ. “ಊಟ ಹೇಗಿದ್ರೆ ನಿಂಗಿಷ್ಟ ಮಗಳೇ?”

“ಹೀಗೆ. ಬಾಯಲ್ಲಿ ಸದ್ದು ಬರ್ಬೇಕು. ಮೆತ್ತಗಿದ್ರೆ ಹುಳ ಇದ್ದ ಹಾಗೆ.”

ಹಾಲೇಶ ಎದ್ದ. ಕ್ಯಾರೆಟ್, ಬೀನ್ಸ್, ನವಿಲುಕೋಸನ್ನು ಅರ್ಧ ಬೇಯಿಸಿ, ಟೊಮೆಟೊ, ಕರಿಬೇವು ಹಾಕಿದ ಬೇಳೆ ಸಾರಿಗೆ ಕೊನೆಯಲ್ಲಿ ಸುರಿದ.

ಸಂಜೆ ಮೂವರೂ ಕೂತರು. ಸಿರಿ ಬೀನ್ಸ್ ಆರಿಸಿ ಕುರುಂ ಕುರುಂ ತಿಂದು, ಇನ್ನೂ ಬೇಕೆಂದು ತಟ್ಟೆ ಮುಂದೆ ಚಾಚಿದಳು. ಹಾಲೇಶನಿಗೆ ಕಣ್ಣು ತುಂಬಿ ಬಂತು. ಹೇಮಶ್ರೀಯೂ “ಚೆನ್ನಾಗಿದೆ ಕಣ್ರೀ” ಎಂದಳು. ಕಿಟಕಿಯಲ್ಲಿ ಇಣುಕುತ್ತಿದ್ದ ಕಾಶಮ್ಮನಿಗೆ ಕಾಣಲಿ ಎಂದು ಅವನು ದೊಡ್ಡ ತುತ್ತು ಕಲಸಿ ಬಾಯಿಗಿಟ್ಟ.

ಟೊಮೆಟೊ ಸಿಪ್ಪೆ ಅಂಗುಳಿಗೆ ಅಂಟಿತು. ಕರಿಬೇವು ನಾಲಿಗೆಯ ಮೇಲೆ ಒದ್ದೆ ಕಾಗದದಂತೆ ಮಲಗಿತು. ನುಂಗಲಾಗಲಿಲ್ಲ, ಉಗುಳಲೂ ಮರ್ಯಾದೆ ಬಿಡಲಿಲ್ಲ. ಕೊನೆಗೆ ಹಿತ್ತಲಿಗೆ ಓಡಿದ.

ಅವನು ಬರುವಷ್ಟರಲ್ಲಿ ಹೇಮಶ್ರೀ ಮೊಳೆಯಿಂದ ಜರಡಿ ತೆಗೆದು, ಅವನ ಅನ್ನಕ್ಕೆ ಸಾರು ಸೋಸುತ್ತಿದ್ದಳು. ಅವನು ದಿನಾ ಉಣ್ಣುವ ಅದೇ ತಿಳಿಸಾರು.

“ಮದುವೆಯಾದ ವಾರ ನಿಮ್ಮಮ್ಮ ಇದನ್ನ ನನ್ ಕೈಗಿಟ್ರು. ಸೋಸದೆ ಹಾಕಿದ್ರೆ ನನ್ ಮಗ ಕಕ್ಕೊಂಡ್ಬಿಡ್ತಾನೆ, ಅವನಿಗೆ ಹೇಳ್ಬೇಡ ಅಂದ್ರು. ಪಲ್ಯ ಬಡಿಸೋಕೆ ಬಂದ್ರೆ ಟೈಮಿಲ್ಲ ಅಂತ ನೀವು ಏಳೋದೂ ಅದಕ್ಕೇ.”

ಹಾಲೇಶ ತಲೆ ತಗ್ಗಿಸಿದ. ಸಿರಿ ಅಪ್ಪನ ಬೆನ್ನು ಸವರಿದಳು. “ಅಮ್ಮ, ಅಪ್ಪಂಗೆ ಒತ್ತಾಯ ಮಾಡ್ಬೇಡ. ಅದು ಹಟ ಅಲ್ಲ.”

ಕಿಟಕಿಯಾಚೆಯಿಂದ ಕಾಶಮ್ಮ, ಮುಂದಿನ ಭಾನುವಾರದ ಅಡುಗೆಗೆ ಸೋರೆಕಾಯಿ ಕಳಿಸಲೇ ಎಂದು ಹಾಲೇಶನನ್ನೇ ಕೇಳಿದರು.