ಅಳಿಸಬೇಡಿ ಎಂದು ಬರೆದಿದ್ದ ಸಾಲು

ಮೆರಿಕ್‌ಗೆ ಬೇಕಾಗಿದ್ದದ್ದು ಇಷ್ಟೇ: ಸಾಲುಗಳು ಗಿಡ್ಡ ಆಗಬೇಕು. ಮಧ್ಯಾಹ್ನ ಮೂರಕ್ಕೆ ಅರ್ಸುಲಾ ಅವರ ಶವಸಂಸ್ಕಾರ. ಹೋಬಾರ್ಟಿನ ನಮ್ಮ ಸಾಗರ ವಿಭಾಗವನ್ನು ಮೂವತ್ತು ವರ್ಷ ನಡೆಸಿದವರು. ಮೆರಿಕ್‌ನನ್ನು ಕೆಲಸಕ್ಕೆ ಸೇರಿಸಿಕೊಂಡವರೂ ಅವರೇ. ಎಲ್ಲರ ಪರವಾಗಿ ನಾಲ್ಕು ಮಾತಾಡುವ ಹೊಣೆ ಅವನದು. ಬರೆದಾಗಿತ್ತು. ಆದರೆ ಉದ್ದ ಸಾಲು ಓದುತ್ತಾ ಹೋದರೆ ನಡುವೆ ಅಳು ಬರುತ್ತಿತ್ತು. ಒಂದು ಉಸಿರಿಗೆ ಒಂದು ಸಾಲು ಅಂತಿದ್ದರೆ ಹೇಗೋ ದಾಟಬಹುದು ಅನ್ನಿಸಿತು.

ಬೇರೆ ಯಾರಾದರೂ ಆಗಿದ್ದರೆ ಬೇಕಾದಲ್ಲಿ ಎಂಟರ್ ಒತ್ತಿ ಎದ್ದು ಹೋಗುತ್ತಿದ್ದರು. ನಮ್ಮಲ್ಲಿ ಅದು ಸೋಲೊಪ್ಪಿಕೊಂಡ ಹಾಗೆ. ಕಂಪ್ಯೂಟರಿನಲ್ಲಿ ಬರೆಯಲು ಬಳಸುವ ಎಡಿಟರನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳುವವರು ನಾವು. ತಿದ್ದಿದ್ದೆಲ್ಲ ಅವರವರ ಫೈಲಿನಲ್ಲಿರುತ್ತದೆ. ಆ ಫೈಲಿನ ಸಾಲುಗಳನ್ನು, ಬ್ರೆಡ್ಡಿಗೆ ಹುಳಿಹಿಟ್ಟು ಇಸಿದುಕೊಂಡ ಹಾಗೆ, ಒಬ್ಬರಿಂದೊಬ್ಬರು ಇಸಿದುಕೊಳ್ಳುತ್ತೇವೆ.

ಹನ್ನೊಂದಕ್ಕೆ ಮೆರಿಕ್ ತನ್ನ ಫೈಲಿನಲ್ಲಿ ಸಾಲಿನ ಅಗಲ ನಲವತ್ತೈದು ಅಕ್ಷರ ಎಂದು ಬರೆದ. ಎಡಿಟರನ್ನು ಮತ್ತೆ ತೆರೆದು ಆ ಅಗಲಕ್ಕೆ ಸಾಲು ಮಡಚಲು ಹೇಳಿದ. ಸಂಖ್ಯೆ ಬೇಕು ಎಂದು ಅದು ಕೈಚೆಲ್ಲಿತು.

"ಸಂಖ್ಯೆನೇ ಕೊಟ್ಟಿದೀನಲ್ಲ!"

ಪಕ್ಕದ ಮೇಜಿನ ಗ್ವೆಂಡಾ ಕುರ್ಚಿ ಸಮೇತ ಉರುಳಿಕೊಂಡು ಬಂದಳು. "ಅಯ್ಯೋ ಮಾರಾಯ, ಇನ್ನೂ ಹಳೇ ಥರಾನೇ ಬರೀತೀಯಾ? ಅದು ಏನು ತುರುಕಿದ್ರೂ ನುಂಗುತ್ತೆ. ಹೊಸ ಥರ ಬರಿ. ಒಳಗೆ ಬಿಡೋಕೆ ಮುಂಚೆ ಪರೀಕ್ಷೆ ಮಾಡುತ್ತೆ."

ಅವನು ಬೇಡ ಅನ್ನುವಷ್ಟರಲ್ಲಿ ಅವನ ಫೈಲಿನ ಇನ್ನೂರು ಸಾಲನ್ನೂ ಹೊಸ ಥರಕ್ಕೆ ತಿರುಗಿಸಿಬಿಟ್ಟಳು. ಎಡಿಟರ್ ತೆರೆದದ್ದೇ ತಡ, ಎಚ್ಚರಿಕೆ ಬಂತು. ಕೆಳಗೆಲ್ಲೋ ಅಗಲವನ್ನು ಇನ್ನೊಂದು ಸಲ ಹೇಳಲಾಗಿತ್ತು, ಕೊನೆಗೆ ಹೇಳಿದ್ದೇ ನಿಲ್ಲುವುದು. ಸಂಖ್ಯೆ ಇರಬೇಕಾದ ಕಡೆ "ಸಾಕಷ್ಟು" ಎಂದಿತ್ತು. ಪಕ್ಕದಲ್ಲಿ, ಎಂದೋ ಇಸಿದುಕೊಂಡಾಗ ಹಾಕಿಕೊಂಡ ಟಿಪ್ಪಣಿ: ಡಾರ್ಸಿ ಕೊಟ್ಟದ್ದು, ಅಳಿಸಬೇಡಿ.

"ಯಾವ ಕತ್ತೆ ಬರ್ದಿದ್ದು ಇದು? ಅಗಲ ಎಷ್ಟು ಅಂದ್ರೆ ಸಾಕಷ್ಟಂತೆ!" ಎಂದ ಮೆರಿಕ್.

ಎದುರು ಕೋಣೆಯ ಡಾರ್ಸಿ ಕಪ್ಪು ಟೈ ಕಟ್ಟಿಕೊಳ್ಳುತ್ತಲೇ ಓಡಿಬಂದ. "ಮುಟ್ಬೇಡ! ಅರ್ಸುಲಾ ಫೈಲಿಂದ ತಂದಿದ್ದು ಅದು. ಯಾಕಿದೆ ಅಂತ ಒಂದ್ಸಲ ಕೇಳ್ದೆ. ಇರ್ಲಿ ಬಿಡು ಅಂದ್ರು."

"ಇಷ್ಟು ವರ್ಷ ಅದ್ರಿಂದ ನಿಂಗೇನೂ ತೊಂದ್ರೆ ಆಗಿಲ್ವಾ?" ಎಂದ ಮೆರಿಕ್.

"ನಾನು ಬರೆಯೋದು ಸಮುದ್ರದ ಉಬ್ಬರ ಇಳಿತದ ಅಂಕಿ. ಅಂಕಿನ ಯಾರು ಮಡಚ್ತಾರೆ?"

"ತಪ್ಪು ಅಂದ್ರೆ ತಪ್ಪು, ಅಳಿಸು" ಎಂದಳು ಗ್ವೆಂಡಾ.

"ಇವತ್ತಾ? ಅವರನ್ನ ಕಳಿಸಿಕೊಡೋ ದಿನಾನೇ ಅವರ ಸಾಲು ಅಳಿಸ್ತೀಯಾ? ಮನುಷ್ಯಳೇನೇ ನೀನು?"

ಅಲ್ಲಿಗೆ ಮಾತು ಬೆಳೆಯಿತು. ಟೀ ಆರಿತು, ಲ್ಯಾಮಿಂಗ್ಟನ್ ಕೇಕು ಒಣಗಿತು. ಗಂಟೆ ಎರಡೂಕಾಲಾಯಿತು. ಮೆರಿಕ್‌ಗೆ ಇಬ್ಬರೂ ಸರಿ ಅನ್ನಿಸುತ್ತಿತ್ತು, ಅದೇ ಅವನ ಕಷ್ಟ.

ಕೊನೆಗೆ ಗ್ವೆಂಡಾ, ವಿಭಾಗದ ಕಂಪ್ಯೂಟರಿನಲ್ಲಿ ಇನ್ನೂ ಉಳಿದಿದ್ದ ಅರ್ಸುಲಾ ಅವರ ಫೈಲನ್ನೇ ತೆರೆದಳು. ಸಾಲು ಅಲ್ಲಿತ್ತು. ಅದರ ಕೆಳಗೇ ಅಗಲವನ್ನು ಎಪ್ಪತ್ತಕ್ಕೆ ಸರಿಪಡಿಸಿದ ಇನ್ನೊಂದು ಸಾಲಿತ್ತು. ಅದನ್ನು ಯಾರೂ ನಕಲು ಮಾಡಿರಲಿಲ್ಲ. ಮೇಲೆ, ಅರ್ಸುಲಾ ಆಮೇಲೆ ಸೇರಿಸಿದ ಟಿಪ್ಪಣಿ:

"ಮೆರಿಕ್ ಸೇರಿದ ಮೊದಲ ದಿನ ನನಗೆ ಉಡುಗೊರೆ ಅಂತ ಬರೆದುಕೊಟ್ಟದ್ದು. ತಪ್ಪಿದೆ. ಪಾಪ, ಎಷ್ಟು ಖುಷಿಯಲ್ಲಿದ್ದ. ಅಳಿಸಬೇಡಿ. ಕೆಳಗೆ ಸರಿ ಮಾಡಿಕೊಂಡಿದ್ದೇನೆ."

ಮೆರಿಕ್‌ಗೆ ಆ ದಿನ ಮಸುಕಾಗಿ ನೆನಪಾಯಿತು. ಸಾಲು ಮಾತ್ರ ಒಂಚೂರೂ ನೆನಪಿರಲಿಲ್ಲ.

"ಕತ್ತೆ ಸಿಕ್ತು" ಎಂದಳು ಗ್ವೆಂಡಾ, ಮೆಲ್ಲಗೆ. "ನಿಂದೇ ಸಾಲು ತಾನೆ? ಅಳಿಸು. ಈಗ ಯಾರೂ ಏನೂ ಅನ್ನಲ್ಲ."

ಮೆರಿಕ್ ಬೆರಳನ್ನು ಅಳಿಸುವ ಕೀಲಿಯ ಮೇಲಿಟ್ಟ. ಒತ್ತಲಾಗಲಿಲ್ಲ. ಕಾರು ತೆಗೆಯಲು ಆಗಲೇ ಇಳಿದು ಹೋಗಿದ್ದ ಡಾರ್ಸಿ ಕೆಳಗಿಂದ ಹಾರ್ನ್ ಹಾಕಿದ. ಬರೆದಿದ್ದ ಮಾತನ್ನು ಇದ್ದ ಹಾಗೇ ಮುದ್ರಿಸಿಕೊಂಡು ಮೆಟ್ಟಿಲಿಳಿದ.

ಪ್ರಾರ್ಥನಾ ಮಂದಿರದಲ್ಲಿ ಕಾಗದ ಬಿಚ್ಚಿದಾಗಲೇ ತಿಳಿದದ್ದು: ಮಡಚದ ಸಾಲುಗಳೆಲ್ಲ ಅಂಚಿನಾಚೆ ಹೋಗಿ ಕತ್ತರಿಸಿದ್ದವು. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ನಾವು ತಪ್ಪು ಮಾಡಿದಾಗ ಅರ್ಸುಲಾ ಯಾವತ್ತೂ..."

ಅಲ್ಲಿಗೆ ಕಾಗದ ಮುಗಿದಿತ್ತು. ಅರ್ಧ ಸಾಲಿಗೇ ಅವನಿಗೆ ಅಳು ಬಂತು.