ಸೆಕೆ ಅಳೆಯುವ ಡಬ್ಬಿ

ಮಲೆನಾಡಿನ ಮಣ್ಣಿನ ಮನೆ ಎಂಥ ಬೇಸಗೆಯಲ್ಲೂ ತಣ್ಣಗಿರುತ್ತದೆ ಎಂದು ಆಗ ನಮ್ಮ ವಾಸ್ತುಶಿಲ್ಪ ವಿಭಾಗದಲ್ಲಿ ಎಲ್ಲರೂ ನಂಬಿದ್ದರು. ನಂಬಿದವರೆಲ್ಲ ಎ.ಸಿ. ಕೋಣೆಯಲ್ಲಿ ಕೂರುತ್ತಿದ್ದರು. ಅದನ್ನು ಸಾಬೀತು ಮಾಡುವ ಕೆಲಸ ನನ್ನ ತಲೆಗೆ ಬಿತ್ತು: ಮನೆಗಳನ್ನು ಅಳೆಯುವುದು, ಒಳಗೊಂದು ಡಬ್ಬಿ ತೂಗುಹಾಕಿ ನಾಲ್ಕು ತಿಂಗಳ ಸೆಕೆ ದಾಖಲಿಸುವುದು. “ಒಂದು ದಿನದ ದಾಖಲೆ ತಪ್ಪಿದರೂ ಪಿಎಚ್.ಡಿ. ಮರೆತುಬಿಡು” ಎಂದಿದ್ದರು ಗೈಡ್.

ಎರಡು ಸಾವಿರದ ಇಸವಿ ಕಳೆದ ಹೊಸತು. ಕಾಡಿನಲ್ಲಿ ನಕ್ಸಲರು, ರಸ್ತೆಯಲ್ಲಿ ಪೊಲೀಸರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನಕ್ಕೆ ಇಬ್ಬರ ಭಯವೂ ಇತ್ತು. ಮೂರನೆಯವನಾಗಿ ನಾನು ಹೋದೆ. ಇಂಥ ಕೆಲಸಕ್ಕೆ ಹೊರಟವನಿಗೆ ಇಂಥದ್ದೇ ಆಗುತ್ತಿರುತ್ತದೆ.

ಟೇಪು

ಶೆಟ್ಟಿಕೊಪ್ಪದಲ್ಲಿ ಒಂದು ಮನೆಯ ಗೋಡೆಗೆ ಟೇಪು ಹಿಡಿದೆ. ಅಭಯಾರಣ್ಯಕ್ಕಾಗಿ ಊರು ಎಬ್ಬಿಸುತ್ತಾರೆ ಎಂಬ ಸುದ್ದಿ ಆಗ ಎಲ್ಲರ ಬಾಯಲ್ಲಿತ್ತು. ಮೈತುಂಬ ಎಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದವರೊಬ್ಬರು ದಿಗ್ಗನೆ ಎದ್ದರು.

“ಮನೆ ನಿಮ್ಮದಾ?” ಎಂದೆ.

“ಅಲ್ಲ.”

“ಮತ್ತೆ ಯಾರದ್ದು?”

“ನಂಗೆಂತ ಗೊತ್ತು ಮಾರಾಯ್ರೆ. ನಾನು ಹೀಗೇ ದಾರಿಯಲ್ಲಿ ಹೋಗ್ತಿದ್ದೆ.”

ಒಳಗಿನಿಂದ ಹೆಂಗಸಿನ ದನಿ ಬಂತು: “ರೀ, ನೀರು ಆರಿಹೋಗ್ತದೆ. ಸ್ನಾನಕ್ಕೆ ಬರ್ತೀರೋ ಇಲ್ವೋ?”

ಆತ ನನ್ನ ಮುಖ ನೋಡಿದರು, ಬಾಗಿಲು ನೋಡಿದರು. “ಒಳ್ಳೇ ಜನ ಪಾಪ, ದಾರಿಯಲ್ಲಿ ಹೋಗೋರನ್ನೂ ಸ್ನಾನಕ್ಕೆ ಕರೀತಾರೆ” ಎಂದು ಒಳಗೆ ಹೋದರು.

ಚೀಲ

ಜಯಪುರದ ದಾರಿಯಲ್ಲಿ ಬಸ್ಸು ನಿಲ್ಲಿಸಿ ತಪಾಸಣೆ. ನನ್ನ ಚೀಲದಲ್ಲಿ ಹತ್ತು ಡಬ್ಬಿ. ಪ್ರತಿಯೊಂದಕ್ಕೂ ವೈರು, ಮಿನುಗುವ ಕೆಂಪು ದೀಪ.

“ಎಂತ ಇದು?” ಎಂದರು ಪೊಲೀಸಿನವರು.

“ಸೆಕೆ ಅಳೆಯೋದು ಸಾರ್.”

“ಸೆಕೆ ಅಳೆದು ಎಂತ ಮಾಡ್ತೀರಿ?”

“ಪಿಎಚ್.ಡಿ.”

ಅವರ ಅನುಮಾನ ಗಟ್ಟಿಯಾಯಿತು. ಚೀಲವನ್ನು ಗದ್ದೆಯ ಮಧ್ಯ ಇಡಿಸಿದರು. ಬಸ್ಸಿನವರೆಲ್ಲ ಬಸ್ಸಿನ ಹಿಂದೆ ಸೇರಿದರು, ಪೊಲೀಸರು ಅವರ ಹಿಂದೆ. “ನೀವು ಓದಿದವರು, ನೀವೇ ಬಿಚ್ಚಿ” ಎಂದು ದೂರದಿಂದ ಅಪ್ಪಣೆಯಾಯಿತು.

ಮೂರು ದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು ಓಡಾಡಿದ್ದೆ. ಆದರೂ ಜಿಪ್ ಎಳೆಯುವಾಗ ಕಣ್ಣು ಮುಚ್ಚಿಕೊಂಡೆ.

ಪ್ರಶ್ನಾವಳಿ

ಶೃಂಗೇರಿಯಲ್ಲಿ ಒಬ್ಬ ಬಾಡಿಗೆದಾರರನ್ನು ಕೇಳಿದೆ: “ಮಧ್ಯಾಹ್ನ ಮನೆಯೊಳಗೆ ಸೆಕೆ ಆಗ್ತದಾ?”

ಮನೆ ಮಾಲೀಕರು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ಬಾಡಿಗೆದಾರರು ಅವರನ್ನು ನೋಡಿ, ಕತ್ತಿನ ಬೆವರು ಒರೆಸಿಕೊಂಡು, “ಇಲ್ಲಪ್ಪ” ಎಂದರು.

“ಸ್ವಲ್ಪವೂ?”

“ಚಳಿ ಅಂತಲೇ ಬರ್ಕೊಳ್ಳಿ” ಎಂದರು, ಟವೆಲ್ ಹಿಂಡುತ್ತಾ.

ಡಬ್ಬಿ

ಹತ್ತು ಡಬ್ಬಿಯಲ್ಲಿ ಒಂಬತ್ತು ಬಾಗಿಲಿನಿಂದಲೇ ವಾಪಸಾದವು. ಮುತ್ತಿನಕೊಪ್ಪದ ಒಬ್ಬ ಅಜ್ಜಿ ಮಾತ್ರ ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೂ ಅವರಿಗೆ ಹೆದರಿಕೆಯಾಗಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ಅವರ ನಡುಮನೆಯ ಮೊಳೆಗೆ ನನ್ನ ಪಿಎಚ್.ಡಿ.ಯನ್ನು ನೇತುಹಾಕಿ ಬಂದೆ.

ತಿಂಗಳಿಗೊಮ್ಮೆ, ಪಕ್ಕದ ಮನೆಗೆ ಮೊದಲೇ ಫೋನ್ ಮಾಡಿ, ಹೋಗಿ ದಾಖಲೆ ಇಳಿಸಿಕೊಳ್ಳುತ್ತಿದ್ದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಬ್ಯಾಟರಿ ಸತ್ತಿದ್ದರೆ? ಇಲಿ ವೈರು ಕಡಿದಿದ್ದರೆ? ಏನೂ ಆಗಿರುತ್ತಿರಲಿಲ್ಲ. ಏಪ್ರಿಲ್ ಬಂತು, ಮೇ ಬಂತು. ಗ್ರಾಫಿನ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗಿತ್ತು. ಆ ಮನೆಯಲ್ಲಿ ಕೂತರೆ ನನಗೆ ಬೆವರು ಸುರಿಯುತ್ತಿತ್ತು. ಬಿಸಿಲಲ್ಲಿ ನಡೆದು ಬಂದದ್ದಕ್ಕೆ ಎಂದುಕೊಂಡೆ.

ತಿಂಗಳಿಗೊಂದು ದಿನ ಮಾತ್ರ ಗೆರೆ ಮೇಲಕ್ಕೆ ಹಾರುತ್ತಿತ್ತು. ನಾನು ಹೋದ ದಿನ.

“ಅದು ನಿನ್ನ ಮೈಬಿಸಿ” ಎಂದರು ಗೈಡ್. “ಅಳಿಸು.”

ಅಳಿಸಿದೆ. ಗೈಡ್ ಆ ಗ್ರಾಫನ್ನು ದೆಹಲಿಯಲ್ಲಿ ತೋರಿಸಿದರು, ಸಭೆ ಚಪ್ಪಾಳೆ ತಟ್ಟಿತು. ನನ್ನ ಪ್ರಬಂಧ ಬೈಂಡಾಗಿ ಪರೀಕ್ಷಕರಿಗೆ ಹೋಯಿತು. ಸಿಹಿ ಹಿಡಿದುಕೊಂಡು, ಡಬ್ಬಿ ವಾಪಸು ತರಲು ಮುತ್ತಿನಕೊಪ್ಪಕ್ಕೆ ಹೋದೆ.

“ಪೂರ್ತಿ ತಗೊಂಡು ಹೋಗ್ತೀಯಾ?” ಎಂದರು ಅಜ್ಜಿ.

“ಹೌದಜ್ಜಿ.”

“ಇನ್ನು ಬರೋದಿಲ್ಲ ತಾನೆ?”

“ಇಲ್ಲ.”

“ಉಸ್ಸಪ್ಪ! ನಾವು ಮಾತಾಡಿದ್ದೆಲ್ಲ ಅದು ಪೊಲೀಸರಿಗೆ ಹೇಳ್ತದೆ ಅಂದ್ರು ಮಾರಾಯ. ಮೊದಲ ದಿನ ಮನೆಯವರೆಲ್ಲ ಕೈಸನ್ನೆಯಲ್ಲೇ ಊಟ ಮಾಡಿದ್ವಿ. ಹಾಗೆ ಎಷ್ಟು ದಿನ ಬಾಯಿ ಮುಚ್ಕೊಂಡಿರೋದು?”

“ಮತ್ತೆ ಎಂತ ಮಾಡಿದ್ರಿ?”

“ನೀನು ಫೋನ್ ಮಾಡಿದ ದಿನ ತಂದು ಮೊಳೆಗೆ ಹಾಕ್ತಿದ್ದೆ.”

ಉಳಿದ ದಿನ, ನಾಲ್ಕು ತಿಂಗಳೂ, ಡಬ್ಬಿ ಕಣಜದ ಭತ್ತದೊಳಗೆ ಹುದುಗಿತ್ತು.