ಲಾರಿಗೆ ಅಡ್ಡ ಬಂದ ರಂಗೋಲಿ

ದೇವರನ್ನು ನಾನು ದೊಡ್ಡದಾಗಿ ಏನನ್ನೂ ಕೇಳಿದವಳಲ್ಲ. ಒಗ್ಗರಣೆ ನಡುವೆ ಗ್ಯಾಸ್ ಮುಗಿಯದಿರಲಿ, ನೆಂಟರು ಬಂದ ದಿನ ಹಾಲು ಒಡೆಯದಿರಲಿ, ಒಣಹಾಕಿದ ಹಪ್ಪಳ ಒಳಗೆ ತರುವ ತನಕ ಮಳೆ ಕಾಯಲಿ, ಇಷ್ಟೇ. ಅವನೂ ಇಂಥ ಚಿಲ್ಲರೆ ಬೇಡಿಕೆಗಳನ್ನು ಬೇಸರವಿಲ್ಲದೆ ನಡೆಸಿಕೊಟ್ಟಿದ್ದಾನೆ. ಮಲಗುವ ಮೊದಲು ಆ ದಿನ ನಡೆಸಿಕೊಟ್ಟದ್ದನ್ನೆಲ್ಲ ನೆನೆದು ಕೈಮುಗಿಯುವುದು ನನ್ನ ರೂಢಿ. ಆದರೆ ಹೋದ ವರ್ಷ ಕೆಲವು ತಿಂಗಳು ನಾನು ಕೇಳಿದ್ದು ಒಂದೇ: ನಮ್ಮ ಬಾಗಿಲ ಮುಂದೆ ಒಂದು ಆಟೋ ನಿಲ್ಲುವಷ್ಟು ಜಾಗ. ವೈಕುಂಠದಲ್ಲಿ ಜಾಗ ಕೇಳುವ ಭಕ್ತರಿದ್ದಾರೆ. ನಾನು ಕೇಳಿದ್ದು ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ. ಎರಡರಲ್ಲಿ ಯಾವುದು ಕಷ್ಟವೆಂದು ಶಿವಮೊಗ್ಗದವರಿಗೆ ಹೇಳಬೇಕಾಗಿಲ್ಲ.

ನಮ್ಮ ಬೀದಿಯ ಅಗಲ ಎಷ್ಟೆಂದರೆ, ಎದುರು ಮನೆಯ ಗಿರಿಜಮ್ಮ ತಮ್ಮ ಸಾರಿಗೆ ಇಂಗು ಹಾಕಿದರೆ ನಮ್ಮ ಸಾರು ಘಮಘಮಿಸುತ್ತದೆ. ಅಂಗಡಿ, ಗೋಡೌನುಗಳ ನಡುವೆ ಅಲ್ಲಲ್ಲಿ ನಮ್ಮಂಥ ಹಳೆಯ ಜಗಲಿ ಮನೆಗಳು. ನಮ್ಮ ಪಕ್ಕದಲ್ಲೇ ರುದ್ರಪ್ಪನವರ ಸಗಟು ಅಂಗಡಿ. ಅಕ್ಕಿ, ಸಕ್ಕರೆ, ಬೇಳೆಯೆಲ್ಲ ಅಲ್ಲಿ ಇಳಿದು, ಅಲ್ಲಿಂದ ಊರಿಗೆ ಹಂಚಿಕೆಯಾಗುತ್ತದೆ. ವಾರದ ಕೊನೆಗೆ ಜೋಗ, ಗಾಜನೂರು ಅಣೆಕಟ್ಟು, ತ್ಯಾವರೆಕೊಪ್ಪದ ಹುಲಿಧಾಮ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರಲ್ಲ, ಅವರಿಗೆ ಹೋಟೆಲು, ರೆಸಾರ್ಟುಗಳವರು ಬಡಿಸುವ ಊಟ ಅದಕ್ಕೂ ಮೊದಲು ನಮ್ಮ ಜಗಲಿಯ ಮುಂದೆ ಲಾರಿಯಲ್ಲಿ ನಿಂತಿರುತ್ತದೆ. ಹುಲಿ ನೋಡಲು ಬಂದವರು ಹೊಟ್ಟೆ ತುಂಬ ಉಣ್ಣಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಲಾರಿಯ ಹಿಂದೆ ಟೆಂಪೋ, ಟೆಂಪೋ ಹಿಂದೆ ಪಾರ್ಸೆಲ್ ವ್ಯಾನು, ಅದರ ಹಿಂದೆ ದಾರಿ ತಪ್ಪಿ ಬಂದ ಬೆಂಗಳೂರಿನ ಕಾರು, ಎಲ್ಲ ಸೇರಿ ಹಾರ್ನ್ ಹೊಡೆಯುವಾಗ ನಾನು ಹೇಳುವ ಸಹಸ್ರನಾಮ ವಿಷ್ಣುವಿಗೆ ಕೇಳಿಸಿರಲಾರದು. ನಮ್ಮ ಯಜಮಾನರಿಗೆ ಭದ್ರಾವತಿಯಲ್ಲಿ ಕೆಲಸ. ಲಾರಿಗಳು ಬರುವ ಮೊದಲೇ ಬಸ್ಸು ಹತ್ತಿ, ಅವೆಲ್ಲ ಹೋದ ಮೇಲೆ ಬಂದು ಇಳಿಯುವ ಪುಣ್ಯವಂತರು. ನಾನು ಲಾರಿ ಕಾಟದ ಮಾತೆತ್ತಿದಾಗಲೆಲ್ಲ, "ನಾನು ನೋಡಿದಾಗೆಲ್ಲ ಬೀದಿ ಖಾಲಿನೇ ಇರುತ್ತಲ್ಲೇ" ಎನ್ನುತ್ತಾರೆ.

ಹೀಗಿರುವಾಗ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ವಾಕರ್ ಹಿಡಿದು ಮನೆಗೆ ಬಂದರು. ಅತ್ತೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು. ಎಡಗಡೆ ಮನೆಯಲ್ಲಿ ತಮಿಳು, ಬಲಗಡೆ ಮನೆಯಲ್ಲಿ ತೆಲುಗು. ಹಾಗಾಗಿ ಅವರಿಗೆ ಮೂರು ಭಾಷೆಗಳಲ್ಲಿ ಬೈಯಲು ಬರುತ್ತದೆ. ಹೊಗಳಲು ಕನ್ನಡದಲ್ಲಿ ಮಾತ್ರ, ಅದೂ ಅಪರೂಪಕ್ಕೆ. ಭದ್ರಾವತಿಯ ಲಕ್ಷ್ಮೀನರಸಿಂಹ ಅವರ ತವರಿನ ದೇವರು. ಗುಡಿಗೆ ಕರೆದುಕೊಂಡು ಹೋಗುತ್ತೇವೆಂದರೆ ಒಪ್ಪಲಿಲ್ಲ. "ಈ ಕಂಬಿ ಹಿಡ್ಕೊಂಡು ನಾನು ಅವನ ಮುಂದೆ ನಿಲ್ಲಲ್ಲ. ನನ್ನ ಕಾಲಲ್ಲೇ ಪ್ರದಕ್ಷಿಣೆ ಬರ್ತೀನಿ ಅಂತ ಹರಕೆ ಹೊತ್ತಿದೀನಿ" ಎಂದರು. ಅದು ನೆರವೇರಬೇಕಾದರೆ ದುರ್ಗಿಗುಡಿಯ ಕಡೆ ಇರುವ ಫಿಜಿಯೋಥೆರಪಿಗೆ ದಿನ ಬಿಟ್ಟು ದಿನ ಹೋಗಬೇಕಿತ್ತು. ಅಲ್ಲಿನ ಹುಡುಗಿ ಮೆಲ್ಲಗೆ ಮಾತಾಡುವವಳು, ಆದರೆ ಹೇಳಿದ್ದು ಮೆಲ್ಲಗಿನ ಮಾತಲ್ಲ: "ತಪ್ಪಿಸಿದ್ರೆ ಸೊಂಟ ಬಿಗಿದುಕೊಳ್ಳುತ್ತೆ ಆಂಟಿ. ಆಮೇಲೆ ವಾಕರ್ ಕೊನೇ ತನಕ."

ಹೋಗುವುದು ಹೇಗೆ? ಆಟೋ ಓಡಿಸುವ ಇಮ್ತಿಯಾಜ್ ನಮ್ಮ ಮನೆಯವನ ಹಾಗೆ. ಆದರೆ ಅವನ ಆಟೋ ಬೀದಿಯ ತುದಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅಲ್ಲಿಂದಲೇ ಫೋನ್ ಮಾಡಿ, "ಬಾಜೂಗೂ ಜಾಗ ಇಲ್ಲ ಅಕ್ಕ, ಹಿಂದೂ ಜಾಗ ಇಲ್ಲ. ಅಮ್ಮನ್ನ ಎತ್ಕೊಂಡು ಬರ್ಲಾ?" ಎನ್ನುತ್ತಿದ್ದ. ಎತ್ತಿಸಿಕೊಳ್ಳುವುದೆಂದರೆ ಅತ್ತೆಗೆ ಉರಿ. ನಮ್ಮ ಬಾಗಿಲಿಗೆ ಸರಿಯಾಗಿ ನಿಲ್ಲುತ್ತಿದ್ದದ್ದು ಸೆಲ್ವನ ಲಾರಿ. ಅವನೂ ಭದ್ರಾವತಿಯವನೇ. ನಾನು ಬೇಡಿಕೊಂಡರೆ, "ಇನ್ನು ನಾಲ್ಕೇ ಮೂಟೆ ಅಕ್ಕ" ಎನ್ನುತ್ತಿದ್ದ. ಆ ನಾಲ್ಕು ಮೂಟೆ ಇಳಿಯುವ ಹೊತ್ತಿಗೆ ನನ್ನ ಅನ್ನ, ಸಾರು, ಪಲ್ಯ ಮೂರೂ ಆಗಿರುತ್ತಿದ್ದವು. ಒಂದು ದಿನ ಅತ್ತೆ ಕಿಟಕಿಯಿಂದ ತಮಿಳಿನಲ್ಲಿ ಏನೋ ಅಂದರು. ಸೆಲ್ವ ಬೆಚ್ಚಿ ಸುತ್ತ ನೋಡಿದ. "ಅಮ್ಮ, ಇದೇ ಬೈಗುಳ ನಮ್ಮ ಅಜ್ಜಿ ಬೈತಿದ್ದಿದ್ದು" ಎಂದು ನಕ್ಕು, ಲಾರಿಯನ್ನು ಒಂದು ಗೇಣು ಸರಿಸಿದ. ಒಂದು ಗೇಣಿನಲ್ಲಿ ಆಟೋ ಬರುವುದಿಲ್ಲ. ಆ ವಾರ ಎರಡು ಸಲ ವ್ಯಾಯಾಮ ತಪ್ಪಿತು. ಅತ್ತೆ ಬೈಯುವುದನ್ನೂ ಬಿಟ್ಟು ಸುಮ್ಮನೆ ಗೋಡೆ ನೋಡುತ್ತ ಕೂತರು. ನನಗೆ ಹೆದರಿಕೆಯಾದದ್ದು ಆಗ.

ಮಾರನೆಯ ದಿನ ಶುಕ್ರವಾರ. ಮನಸ್ಸು ಸರಿಯಿಲ್ಲದಾಗ ನನಗೆ ರಂಗೋಲಿ ದೊಡ್ಡದಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಚಟ. ಜಗಲಿಯಿಂದ ಶುರುವಾದ ಎಂಟು ದಳದ ಕಮಲ ಬೀದಿಯ ನಡುವಿನ ತನಕ ಅರಳಿತು. ಸೆಲ್ವನ ಲಾರಿ ಬಂತು. ಎಂದಿನಂತೆ ಮುಂದೆ ಬಂದದ್ದು ಕಮಲದ ಅಂಚಿಗೆ ಗಕ್ಕನೆ ನಿಂತಿತು. ಅವನು ಇಳಿದು ನೋಡಿ ತಲೆ ಕೆರೆದುಕೊಂಡು, "ಕೋಲದ ಮೇಲೆ, ರಂಗೋಲಿ ಮೇಲೆ ಚಕ್ರ ಹತ್ತಿಸಿದ್ರೆ ನಮ್ಮಮ್ಮ ಅನ್ನ ಹಾಕಲ್ಲ ಅಕ್ಕ" ಎಂದು, ಲಾರಿಯನ್ನು ಹಿಂದಕ್ಕೆ ತೆಗೆದು ರುದ್ರಪ್ಪನವರ ಬಾಗಿಲಿಗೇ ನಿಲ್ಲಿಸಿದ. ಬೀದಿಯ ಇನ್ನೊಂದು ತುದಿಯಿಂದ ಇಮ್ತಿಯಾಜ್ ಆಟೋ ತಂದು, ಕಮಲದ ಪಕ್ಕದಲ್ಲಿ ಒಂದು ದಳಕ್ಕೂ ತಾಗದಂತೆ ನಿಲ್ಲಿಸಿದ. ಅತ್ತೆ ಹತ್ತಿ ಕೂತು ಹೊರಟೇಬಿಟ್ಟರು. ಪೊಲೀಸರು ಇಟ್ಟ ಕಬ್ಬಿಣದ ಬೋರ್ಡಿಗೆ ನಿಲ್ಲದ ಲಾರಿ ಒಂದು ಹಿಡಿ ಬಿಳಿ ಪುಡಿಗೆ ನಿಂತಿತ್ತು. ಆ ರಾತ್ರಿ ನಾನು ಕೈಮುಗಿದದ್ದು ಮಾಮೂಲಿಗಿಂತ ಹೆಚ್ಚು ಹೊತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಿಕ್ಕ ಉಪಾಯವನ್ನು ಮಿತವಾಗಿ ಬಳಸುವ ಬುದ್ಧಿ ನನಗಿಲ್ಲ; ಉಪ್ಪಿನಕಾಯಿಗೆ ಎಣ್ಣೆ ಹಾಕುವಾಗಲೂ ಹೀಗೇ. ದಿನ ಕಳೆದಂತೆ ಕಮಲಕ್ಕೆ ಬಳ್ಳಿ ಬಂತು, ಬಳ್ಳಿಗೆ ನವಿಲು ಬಂತು. ನವಿಲಿನ ಬಾಲವನ್ನು ರುದ್ರಪ್ಪನವರ ಬಾಗಿಲಲ್ಲಿ ಲಾರಿಯ ಹಿಂಚಕ್ರ ಎಲ್ಲಿ ಬರುತ್ತದೆಂದು ಲೆಕ್ಕ ಹಾಕಿಯೇ ಎಳೆಯುತ್ತಿದ್ದೆ. ಲಕ್ಷ್ಮಿ ಬರಲಿ ಎಂದು ಹಾಕಬೇಕಾದ ರಂಗೋಲಿಯನ್ನು ಲಾರಿ ಬಾರದಿರಲಿ ಎಂದು ಹಾಕುತ್ತಿದ್ದೇನಲ್ಲ ಎಂದು ಒಳಗೊಳಗೇ ಚುಚ್ಚುತ್ತಿತ್ತು. ನಡುವೆ ಒಂದು ಶ್ರೀಕಾರ ಬರೆದು ಸಮಾಧಾನ ಮಾಡಿಕೊಂಡೆ. ಒಂದು ದಿನ ಬೆಳಿಗ್ಗೆ ಬಸ್ಸಿಗೆ ಹೊರಟ ಯಜಮಾನರು ಬೀದಿ ನೋಡಿ, "ಯಾರದ್ದೇ ಮದುವೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೋಡೆಯಂಚಿಗೆ ಒತ್ತಿಕೊಂಡು ಹೋದರು.

ಗಿರಿಜಮ್ಮ ಕಣ್ಣಿಲ್ಲದವರಲ್ಲ. "ನಿನ್ನ ಬಾಗಿಲಿಂದ ಓಡಿಸಿದ ಲಾರಿ ನನ್ನ ಬಾಗಿಲಿಗೆ ನಿಲ್ತದಲ್ಲೇ ಮಾರಾಯ್ತಿ, ನಾನೇನು ಪಾಪ ಮಾಡಿದೀನಿ?" ಎಂದು ಕೇಳಿ, ಮಾರನೆಯ ಬೆಳಿಗ್ಗೆ ತಮ್ಮ ಬಾಗಿಲಲ್ಲೂ ಒಂದು ತೇರು ಬಿಡಿಸಿದರು. ಅವರನ್ನು ನೋಡಿ ಬಳೆ ಅಂಗಡಿಯವರು, ಅವರನ್ನು ನೋಡಿ ಟೈಲರ್ ಹೆಂಡತಿ. ಮೊಬೈಲ್ ಅಂಗಡಿಯವನಿಗೆ ಎಳೆ ಎಳೆಯಲು ಬಾರದು, ತೂತಿನ ಡಬ್ಬಿ ತಂದು ಉರುಳಿಸಿದ. ಕೆಲವೇ ದಿನಗಳಲ್ಲಿ ನಮ್ಮ ಬೀದಿ ಈ ತುದಿಯಿಂದ ಆ ತುದಿಯ ತನಕ ಚಕ್ರ ಇಡಲು ಜಾಗವಿಲ್ಲದಷ್ಟು ಪವಿತ್ರವಾಯಿತು. ರುದ್ರಪ್ಪನವರು ಮಾತ್ರ ತಮ್ಮ ಅಂಗಡಿಯ ಮುಂದೆ ನಿಂತು, "ದೇವರ ಕೆಲಸಕ್ಕೆ ಬೇಡ ಅನ್ನೋದು ಹ್ಯಾಗೆ, ಆದರೆ ಸಕ್ಕರೆ ಎಲ್ಲಿಂದ ಇಳಿಸ್ಲಿ ತಾಯಿ?" ಎಂದು ಎಲ್ಲರನ್ನೂ ಕೇಳುತ್ತಿದ್ದರು.

ಸಕ್ಕರೆ ಇಳಿಯಲಿಲ್ಲ. ಒಳಗೆ ಬರಲಾಗದ ಲಾರಿಗಳು ಬೀದಿಯ ಎರಡೂ ತುದಿಯಲ್ಲಿ ನಿಂತವು. ಅವುಗಳ ಹಿಂದೆ ಬಜಾರೇ ನಿಂತಿತು. ಹಬ್ಬದ ಹಿಂದಿನ ದಿನ ಬೇರೆ. ಪೊಲೀಸಿನವರು ಸೀಟಿ ಊದಿ ಊದಿ ಸುಸ್ತಾಗಿ ನಮ್ಮ ಬೀದಿಗೆ ನಡೆದು ಬಂದು, "ಯಾರಮ್ಮ ಇದನ್ನ ಶುರು ಮಾಡಿದ್ದು?" ಎಂದರು. ಗಿರಿಜಮ್ಮ ಆಕಾಶ ನೋಡಿದರು. ನಾನೂ ಅದೇ ಆಕಾಶವನ್ನು ನೋಡಿದೆ. ಆಗ ಇಮ್ತಿಯಾಜನ ಫೋನ್ ಬಂತು. "ಅಕ್ಕ, ಈವತ್ತು ಎರಡೂ ಕಡೆ ಬಂದ್. ಮೂಲೆಯಲ್ಲೇ ನಿಂತಿದೀನಿ. ಆಟೋ ಅಲ್ಲ, ಸೈಕಲ್ಲೂ ಬರಲ್ಲ." ಬೀದಿ ಪೂರಾ ಖಾಲಿ, ಒಂದು ಗಾಡಿ ಇಲ್ಲ, ಆದರೂ ನಮ್ಮ ಆಟೋ ಬರುವಂತಿಲ್ಲ. ಲಾರಿಯನ್ನು ತಡೆಯಲು ಹಾಕಿದ ರಂಗೋಲಿ ಅತ್ತೆಯನ್ನೇ ತಡೆದು ಕೂರಿಸಿತ್ತು. ಫಿಜಿಯೋಥೆರಪಿಯ ಹುಡುಗಿ ಅಂದು ಕಾಲಿನ ಬಲ ನೋಡಿ, ವಾಕರ್ ಬಿಡಿಸಬಹುದೋ ಇಲ್ಲವೋ ಹೇಳುತ್ತೇನೆ ಎಂದಿದ್ದಳು. ಅತ್ತೆ ಬೆಳಗಿನಿಂದ ಇಸ್ತ್ರಿ ಸೀರೆ ಉಟ್ಟು ಕಾದಿದ್ದರು.

ಅವರು ಬಾಗಿಲಿಗೆ ಬಂದು ಬೀದಿಯನ್ನು ಒಂದು ಸಲ ನೋಡಿದರು. ನನ್ನನ್ನೂ ನೋಡಿದರು. ಬೈಗುಳಕ್ಕೆ ಯಾವ ಭಾಷೆ ಆರಿಸುತ್ತಾರೋ ಎಂದು ನಾನು ಕಾಯುತ್ತಿದ್ದೆ. "ಪೊರಕೆ ತಗೊಂಡು ಬಾ" ಎಂದರು, ಕನ್ನಡದಲ್ಲೇ. "ರಂಗೋಲಿ ತುಳಿದು ನಂಗೆ ಅಭ್ಯಾಸ ಇಲ್ಲ. ನೀನು ಮುಂದೆ ಗುಡಿಸ್ತಾ ಹೋಗು, ನಾನು ಹಿಂದೆ ಬರ್ತೀನಿ."

"ಮೂಲೆ ತನಕ ಆಗಲ್ಲ ಅತ್ತೆ, ಅಷ್ಟು ದೂರ ನೀವು ನಡೆದೇ ಇಲ್ಲ."

"ನೀನು ಅಷ್ಟು ದೂರ ರಂಗೋಲಿ ಹಾಕಿದೀಯಲ್ಲ, ನಾನು ನಡೀಬಾರ್ದಾ?"

ಗುಡಿಸಿದೆ. ನನ್ನ ನವಿಲು ಹೋಯಿತು, ಬಳ್ಳಿ ಹೋಯಿತು, ಕಮಲ ಹೋಯಿತು. ಅತ್ತೆ ವಾಕರ್ ಎತ್ತಿ ಮುಂದಿಟ್ಟು, ಒಂದು ಕಾಲು, ಮತ್ತೊಂದು ಕಾಲು ಎಂದು ಹೊರಟರು. ಎದುರು ಬಾಗಿಲಿಗೆ ಬರುವಷ್ಟರಲ್ಲಿ ಗಿರಿಜಮ್ಮ ತಾವೇ ಒಳಗೆ ಹೋಗಿ ಪೊರಕೆ ತಂದು ತಮ್ಮ ತೇರನ್ನು ಗುಡಿಸತೊಡಗಿದರು. ಬಳೆ ಅಂಗಡಿಯವರು ಗುಡಿಸಿದರು, ಟೈಲರ್ ಹೆಂಡತಿ ಗುಡಿಸಿದಳು, ಮೊಬೈಲ್ ಅಂಗಡಿಯವನು ಪೊರಕೆ ಸಿಗದೆ ರಟ್ಟಿನ ಡಬ್ಬದಲ್ಲಿ ಉಜ್ಜಿದ. ಅತ್ತೆ ಬಂದಂತೆಲ್ಲ ಬೀದಿಯ ರಂಗೋಲಿ ಅಳಿಯುತ್ತ ಹೋಯಿತು. ತುದಿಯಲ್ಲಿ ಮೂಟೆ ಹೊರುವವರು, ಪೊಲೀಸರು, ಲಾರಿಯವರು ಪಲ್ಲಕ್ಕಿ ಬಂದಂತೆ ಪಕ್ಕಕ್ಕೆ ಸರಿದು ನಿಂತರು. ಸೆಲ್ವ ಕೈ ಚಾಚಿ ದಾರಿ ಬಿಡಿಸುತ್ತ ಹಿಮ್ಮುಖವಾಗಿ ನಡೆದ. ನಡುವೆ ಒಂದು ಕಡೆ ಅತ್ತೆ ನಿಂತರು. ನನ್ನ ಬಾಯಲ್ಲಿ ಯಾವ ಸ್ತೋತ್ರವೂ ಬರಲಿಲ್ಲ, ನರಸಿಂಹಾ ಎನ್ನುವುದಷ್ಟೇ ಬಂತು. ಅವರು ಉಸಿರು ತೆಗೆದುಕೊಂಡು, "ಕಸ ಬಿಟ್ಟಿದೀಯಲ್ಲೇ ಅಲ್ಲಿ" ಎಂದು ನನಗೆ ತೋರಿಸಿ, ಮತ್ತೆ ಹೊರಟರು. ಆಟೋದಲ್ಲಿ ಕೂತ ಮೇಲೆ ಇಮ್ತಿಯಾಜ್, "ಪೈದಲ್ ಬಂದ್ರಿ ಅಮ್ಮ, ನಡ್ಕೊಂಡು" ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡ. ಫಿಜಿಯೋಥೆರಪಿಯ ಹುಡುಗಿ ಕಥೆ ಕೇಳಿ, "ಇನ್ನು ನಾನೇನು ಮಾಡಿಸ್ಲಿ, ಎಲ್ಲ ಮಾಡ್ಕೊಂಡೇ ಬಂದಿದೀರಲ್ಲ. ಮನೇಲಿ ಸ್ವಲ್ಪ ಸ್ವಲ್ಪ ವಾಕರ್ ಬಿಟ್ಟು ನೋಡಿ" ಎಂದಳು.

ಸಂಜೆ ಬೀದಿ ತುದಿಯ ಗಣಪತಿ ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಪೊಲೀಸಿನವರೂ ಬಂದು ಪ್ರಸಾದದ ಕಡಲೆ ತಿನ್ನುತ್ತ ಕೂತರು. ಕೊನೆಗೆ ತೀರ್ಮಾನವಾಯಿತು: ಬೆಳಗಿನ ಮಂಗಳಾರತಿಯ ಗಂಟೆಯ ತನಕ ಲಾರಿ, ಒಂದು ಸಲಕ್ಕೆ ಒಂದೇ. ಗಂಟೆ ಆದ ಮೇಲೆ ಬೀದಿ ಮನುಷ್ಯರದ್ದು, ಆಟೋಗಳದ್ದು. ರಂಗೋಲಿ ಜಗಲಿ ದಾಟುವಂತಿಲ್ಲ ಎಂದು ರುದ್ರಪ್ಪನವರು ಸೇರಿಸಿದರು, ನನ್ನ ಮುಖ ನೋಡದೆ. ಒಂದು ಲಾರಿ ಹೋದ ಮೇಲೆ ಇನ್ನೊಂದನ್ನು ಕರೆಯುವವರು ಯಾರು ಎಂಬ ಪ್ರಶ್ನೆ ಬಂದಾಗ ಸೆಲ್ವ ನಮ್ಮ ಜಗಲಿಯ ಕಡೆ ಕೈ ತೋರಿಸಿ, "ನಮ್ಮ ಅಮ್ಮ ಇದಾರಲ್ಲ" ಎಂದ. ಅಂದಿನಿಂದ ಅತ್ತೆ ಬೆಳಿಗ್ಗೆ ಕಾಫಿ ಲೋಟದೊಂದಿಗೆ ಜಗಲಿಯಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ದಾವಣಗೆರೆಯ ಲಾರಿಗೆ ಕನ್ನಡ, ಸೇಲಂ ಲಾರಿಗೆ ತಮಿಳು, ಕಡಪದ ಲಾರಿಗೆ ತೆಲುಗು. ಯಾರೂ ಎದುರಾಡುವುದಿಲ್ಲ. ಮಂಗಳಾರತಿ ಸ್ವಲ್ಪ ತಡ ಮಾಡಿ ಎಂದು ಲಾರಿಯವರು ಭಟ್ಟರ ಹತ್ತಿರ ಹೇಳಿಸಲು ನೋಡಿದರು. ಅತ್ತೆ ಭಟ್ಟರಿಗೆ ಕೇಳಿಸುವ ಹಾಗೆ ಒಂದೇ ಮಾತು ತೆಲುಗಿನಲ್ಲಿ ಅಂದರು. ಭಟ್ಟರಿಗೆ ತೆಲುಗು ಬಾರದು, ಆದರೆ ಗಂಟೆ ಸರಿಯಾದ ಹೊತ್ತಿಗೇ ಆಗುತ್ತಿದೆ. ನನ್ನ ಸಹಸ್ರನಾಮ ಈಗ ನನಗೇ ಕೇಳಿಸುತ್ತದೆ.

ಹೋದ ವಾರ ನಮ್ಮ ಮನೆಗೆ ಬಟ್ಟೆ ಒಗೆಯುವ ಮಷಿನ್ ಬರುವುದಿತ್ತು. ಬಹಳ ದಿನದ ಆಸೆ. ಹಳೆಯ ಬೆಡ್‌ಶೀಟುಗಳನ್ನೆಲ್ಲ ಅದಕ್ಕಾಗಿ ಕೂಡಿಟ್ಟು ನೆನೆಹಾಕಿದ್ದೆ. ವ್ಯಾನು ಬೀದಿಯ ಬಾಯಿಗೆ ಬರುವುದಕ್ಕೂ ಗುಡಿಯ ಗಂಟೆ ಮುಗಿಯುವುದಕ್ಕೂ ಸರಿಹೋಯಿತು. "ಅತ್ತೆ, ನಮ್ಮದೇ ಮಷಿನ್" ಎಂದೆ. "ಗಂಟೆ ಆಯ್ತು" ಎಂದರು. "ಎರಡು ನಿಮಿಷದ ಕೆಲಸ ಅತ್ತೆ." "ನಾಲ್ಕೇ ಮೂಟೆ ಅಂತ ಆ ಸೆಲ್ವನೂ ಅಂತಿದ್ದ." ವ್ಯಾನಿನವನು ನನ್ನ ಮುಖ ನೋಡಿ ಧೈರ್ಯ ತಂದುಕೊಂಡು ಮೆಲ್ಲಗೆ ಮುಂದೆ ಬಿಟ್ಟ. ಅತ್ತೆ ದಡಕ್ಕನೆ ಎದ್ದರು, ಜಗಲಿಯ ಮೆಟ್ಟಿಲು ಇಳಿದರು, ಬೀದಿಯಲ್ಲಿ ನೆಟ್ಟಗೆ ನಡೆದು ಹೋಗಿ ವ್ಯಾನಿನ ಮುಂದೆ ಕೈ ಅಡ್ಡ ಹಿಡಿದು, "ನಾಳೆ ಬೇಗ ಬಾರಪ್ಪ" ಎಂದು ಅದನ್ನು ತಿರುಗಿಸಿ ಕಳಿಸಿದರು. ನಾನು ವಾದಿಸಲೆಂದು ಹಿಂದೆಯೇ ಇಳಿಯಹೊರಟವಳು ತಿರುಗಿ ನೋಡಿದೆ. ವಾಕರ್ ಜಗಲಿಯ ಮೇಲೆ, ಕುರ್ಚಿಯ ಪಕ್ಕದಲ್ಲೇ ಇತ್ತು.

ಅವರಿಗೂ ಅದು ಆಗಲೇ ಗೊತ್ತಾದದ್ದೆಂದು ಕಾಣುತ್ತದೆ. ಬೀದಿಯ ನಡುವೆ ಒಂದು ಗಳಿಗೆ ನಿಂತು ತಮ್ಮ ಪಾದಗಳನ್ನು ನೋಡಿಕೊಂಡರು. ಆಮೇಲೆ ಏನೂ ಆಗಿಲ್ಲವೆಂಬಂತೆ ಬಂದು ಕೂತರು. "ಶನಿವಾರ ಭದ್ರಾವತಿಗೆ ಹೋಗೋಣ್ವಾ ಅತ್ತೆ?" ಎಂದೆ. ಅವರು, "ಶನಿವಾರ ಸಕ್ಕರೆ ಲಾರಿ ಬರುತ್ತೆ. ಭಾನುವಾರ ಹೋಗೋಣ, ನರಸಿಂಹ ಎಲ್ಲೂ ಹೋಗಲ್ಲ" ಎಂದರು. ನಂತರ ನನ್ನ ಕಡೆ ತಿರುಗಿ, "ನೆನೆಹಾಕಿದ್ದು ವಾಸನೆ ಬರುತ್ತೆ ನೋಡು" ಎಂದರು. ನಾನು ಹಿತ್ತಲಿಗೆ ಹೋಗಿ, ದೇವರಿಗೆ ಒದ್ದೆ ಕೈಯಲ್ಲೇ ಮುಗಿದು, ಬೆಡ್‌ಶೀಟುಗಳನ್ನು ಒಂದೊಂದಾಗಿ ಕಲ್ಲಿಗೆ ಹಾಕಿ ಒಗೆದೆ.